ಮಣ್ಣನ್ನರಿತು ನೀರು ಹರಿಸಿದವರು

ಧಾರವಾಡದ ಸುತ್ತಣ ಭೂಮಿ ಒಂದೇ ಬಗೆಯದಲ್ಲ. ಊರಿನಿಂದ ದಕ್ಷಿಣಕ್ಕೆ ಕಲಘಟಗಿಯ ಕಡೆಗೆ, ಪಶ್ಚಿಮಕ್ಕೆ ಅಳ್ನಾವರದ ಕಡೆಗೆ ಸಾಗಿದರೆ ಮಲೆನಾಡಿನ ಸೆರಗು ತಾಗುತ್ತದೆ. ಅಲ್ಲಿಯದು ಕೆಂಪು ಮಸಾರಿ ನೆಲ. ಪೂರ್ವಕ್ಕೆ ಹುಬ್ಬಳ್ಳಿಯನ್ನು ದಾಟಿ ಅಣ್ಣಿಗೇರಿ, ನವಲಗುಂದಗಳ ಕಡೆಗೆ ಹೊರಟರೆ ಕಣ್ಣು ಹಾಯುವವರೆಗೆ ಕಪ್ಪು ಎರೆಯ ಬಯಲು. ಮಸಾರಿ ಹೊಲದಲ್ಲಿ ಮಳೆ ನಿಂತ ಮರುದಿನವೇ ನಡೆದಾಡಬಹುದು. ಎರೆಯ ಹೊಲದಲ್ಲಾದರೋ ಹೆಜ್ಜೆಗೊಂದು ಸೇರು ಮಣ್ಣು ಕಾಲಿಗಂಟುತ್ತದೆ. ಬಂಡಿಯ ಗಾಲಿ ಹೂತುಹೋಗುತ್ತದೆ. ಅದೇ ಎರೆಯು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲವಾಗಿ ಬಾಯಿಬಿಡುತ್ತದೆ. ಮಸಾರಿಯ ಬೆಳೆ ನಾಲ್ಕು ದಿನ ಮಳೆ ತಪ್ಪಿದರೆ ಬಾಡತೊಡಗುತ್ತದೆ. ಎರೆಯಲ್ಲಿ ಹಿಂಗಾರಿನ ಬಿಳಿಜೋಳ ಮತ್ತು ಕಡಲೆ ಬಿತ್ತಿದ ಮೇಲೆ ಮಳೆಯೇ ಬಾರದಿದ್ದರೂ ನೆಲದೊಳಗಿನ ತೇವವನ್ನುಂಡು ಬೆಳೆದು ಫಲ ಕೊಡುತ್ತವೆ.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಮಣ್ಣಿನ ಕಣಗಳ ಗಾತ್ರ. ಎಲ್ಲ ಮಣ್ಣೂ ಮರಳು, ರೇವೆ, ಜೇಡಿ ಎಂಬ ಮೂರು ಬಗೆಯ ಕಣಗಳ ಬೆರಕೆ. ಮರಳಿನ ಕಣಗಳು 2 ಮಿಲಿಮೀಟರಿನಿಂದ 0.02 ಮಿಲಿಮೀಟರಿನವರೆಗೆ ಇರುತ್ತವೆ, ರೇವೆಯ ಕಣಗಳು ಅದಕ್ಕಿಂತ ಸಣ್ಣವು, 0.002 ಮಿಲಿಮೀಟರಿಗಿಂತಲೂ ಕಿರಿದಾದವು ಜೇಡಿಯ ಕಣಗಳು. ಇವು ಯಾವ ಪ್ರಮಾಣದಲ್ಲಿ ಬೆರೆತಿವೆ ಎಂಬುದನ್ನೇ ಮಣ್ಣಿನ ಕಣರಚನೆ ಎನ್ನುತ್ತಾರೆ. ಮಳೆಯ ನೀರು ನೆಲಕ್ಕಿಳಿಯುವುದೋ ಹರಿದುಹೋಗುವುದೋ, ಇಳಿದ ನೀರು ಬೇರಿಗೆ ದಕ್ಕುವುದೋ ಆಳಕ್ಕೆ ಜಾರುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ಬೆರಕೆಯೇ. ಮಳೆಯನ್ನು ನಂಬಿದ ಬೇಸಾಯದಲ್ಲಿ ರೈತನು ಈ ಸಂಗತಿಯನ್ನು ತಲೆಮಾರುಗಳಿಂದ ಬಲ್ಲನು. ಆದರೆ ಸಾವಿರಾರು ಎಕರೆಗೆ ಕಾಲುವೆಯ ನೀರು ಒಮ್ಮೆಲೇ ಹರಿದುಬಂದಾಗ ಆ ಹಳೆಯ ತಿಳಿವಳಿಕೆ ಸಾಲದಾಯಿತು. ಅಂಥ ಸಂಧಿಕಾಲದಲ್ಲಿ, ನೀರನ್ನು ತರುವುದಷ್ಟೇ ಅಲ್ಲದೆ ಅದನ್ನು ಅಳತೆಯರಿತು ಕೊಡುವುದೂ ಎಂಜಿನಿಯರನ ಕರ್ತವ್ಯವೆಂದು ಬಗೆದು ದುಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮನವರು. ಆ ಸೀಮೆಯಲ್ಲಿ ತುಂಬಿ ಹರಿಯುವ ಹೊಳೆಗಳಿಲ್ಲ. ಕೆರೆ ತುಂಬಿದರೆ ಊಟ, ಒಣಗಿದರೆ ಬರ ಎಂಬುದು ಅಲ್ಲಿಯ ಬಾಳಿನ ನಿಯಮ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಮೊದಲ ಓದನ್ನು ಮುಗಿಸಿ ಬೆಂಗಳೂರಿಗೆ ಬಂದರು. ಅಲ್ಲಿ ಮನೆಪಾಠ ಹೇಳಿ ತಮ್ಮ ಖರ್ಚನ್ನು ತಾವೇ ನೀಗಿಕೊಳ್ಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಬಿ. ಎ. ಪದವಿಯನ್ನು ಪಡೆದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯ ವಿಜ್ಞಾನ ಕಾಲೇಜನ್ನು ಸೇರಿದರು. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷವೇ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ ದೊರೆಯಿತು.

ಆಗ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪುಣೆಯ ಬಯಲಿನ ಕಪ್ಪು ನೆಲವೂ ನವಲಗುಂದದ ಎರೆಯೂ ಒಂದೇ ಸರಕಾರದ ಆಳ್ವಿಕೆಯಲ್ಲಿದ್ದವು. ವಿಶ್ವೇಶ್ವರಯ್ಯನವರ ವೃತ್ತಿಜೀವನದ ಮೊದಲ ಇಪ್ಪತ್ತನಾಲ್ಕು ವರ್ಷಗಳು ಈ ಪ್ರಾಂತದಲ್ಲಿಯೇ ಕಳೆದವು. ನಾಸಿಕದಲ್ಲಿ ಕೆಲಸವನ್ನಾರಂಭಿಸಿ, ಖಾನದೇಶದಲ್ಲಿ ಮಳೆಗಾಲದ ಪ್ರವಾಹವನ್ನೆದುರಿಸಿ ಹೊಳೆಯೊಂದರ ಅಡಿಯಲ್ಲಿ ನೀರಿನ ಕೊಳವೆಯನ್ನು ಹಾಯಿಸುವ ಕೆಲಸವನ್ನು ಪೂರ್ಣಗೊಳಿಸಿದಾಗಲೇ ಅವರ ದಕ್ಷತೆ ಮೇಲಧಿಕಾರಿಗಳ ಗಮನಕ್ಕೆ ಬಂದಿತು.

1894ರಲ್ಲಿ ಅವರನ್ನು ಸಿಂಧ್ ಪ್ರಾಂತದ ಸಕ್ಕರ ಪಟ್ಟಣಕ್ಕೆ ಕಳುಹಿಸಲಾಯಿತು. ಸಿಂಧೂ ನದಿಯ ದಂಡೆಯಲ್ಲಿದ್ದ ಆ ಊರಿಗೆ ಕುಡಿಯುವ ನೀರನ್ನು ಒದಗಿಸಬೇಕಾಗಿತ್ತು. ನದಿಯ ನೀರಿನಲ್ಲಿ ಕೆಸರು ವಿಪರೀತ. ಅದನ್ನು ಸೋಸುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯಲ್ಲಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದ ಮರಳಿನಲ್ಲಿಯೇ ಬಾವಿಯನ್ನು ತೋಡಿಸಿದರು. ಮರಳಿನ ಪದರದ ಮೂಲಕ ಜಿನುಗಿ ಬಂದ ನೀರು ತಿಳಿಯಾಗಿ ಬಾವಿಯನ್ನು ತುಂಬಿತು. ಮರಳಿನ ದಪ್ಪ ಕಣಗಳ ನಡುವಣ ಸಂದುಗಳು ನೀರಿಗೆ ಹಾದಿ ಬಿಟ್ಟುಕೊಟ್ಟು ಕೆಸರನ್ನು ತಡೆಹಿಡಿದವು. ಮುಂದಿನ ವರ್ಷಗಳಲ್ಲಿ ಅವರು ಎದುರಿಸಬೇಕಾಗಿದ್ದುದು ಇದಕ್ಕೆ ತೀರ ವಿರುದ್ಧವಾದ ಗುಣವುಳ್ಳ ಮಣ್ಣನ್ನು.

1876-77ರ ಭೀಕರ ಬರಗಾಲದ ಬಳಿಕ ಮುಂಬಯಿ ಸರಕಾರವು ದಖನ್ ಪ್ರದೇಶದಲ್ಲಿ ನೀರಾವರಿಗೆ ಕೈಹಾಕಿತ್ತು. ಭಾಟಘರದಲ್ಲಿ ಜಲಾಶಯ ನಿರ್ಮಾಣವಾಯಿತು. ಅದರ ನೀರನ್ನು ಬಾರಾಮತಿ, ಇಂದಾಪುರಗಳ ಕಡೆಗೆ ಒಯ್ಯುವ ನೀರಾ ಎಡದಂಡೆ ಕಾಲುವೆಯು 1885ರ ಹೊತ್ತಿಗೆ ಹರಿಯತೊಡಗಿತು. ಬರಕ್ಕೆ ತುತ್ತಾಗುತ್ತಿದ್ದ ಆ ಸೀಮೆಗೆ ಕಾಲುವೆಯೊಂದು ವರದಾನವೇ ಸರಿ. ಆದರೆ ಕೆಲವೇ ವರ್ಷಗಳಲ್ಲಿ ಎರಡು ಬಗೆಯ ಸಂಕಟಗಳು ತಲೆದೋರಿದವು. ಕಾಲುವೆಯ ಮೇಲ್ತುದಿಯ ಊರುಗಳವರು ವರ್ಷವಿಡೀ ನೀರು ಬೇಡುವ ಕಬ್ಬನ್ನು ನೆಟ್ಟು, ಸಿಕ್ಕಷ್ಟು ನೀರನ್ನು ಹೊಲಕ್ಕೆ ತಿರುಗಿಸಿಕೊಂಡರು. ಕೆಳತುದಿಯವರು ಒಣಗುವ ಪೈರನ್ನು ನೋಡುತ್ತ ಕುಳಿತರು. ಇದು ಮೊದಲನೆಯ ಸಂಕಟ. ಎರಡನೆಯದು ಇನ್ನೂ ವಿಚಿತ್ರವಾದುದು. ಹೆಚ್ಚು ನೀರುಂಡ ಹೊಲಗಳೇ ಕೆಡತೊಡಗಿದವು. ತಗ್ಗಿನ ಹೊಲಗಳಲ್ಲಿ ಜೌಗು ಏರಿತು. ನೆಲದ ಮೇಲೆ ಉಪ್ಪಿನ ಬಿಳಿಯ ಪುಡಿ ಕಾಣಿಸಿಕೊಂಡಿತು. ಪೈರು ಮೊಳೆತಲ್ಲಿಯೇ ಮುರುಟಿತು.

ನೀರು ಬಂದ ಮೇಲೂ ಭೂಮಿ ಬಂಜೆಯಾಗುವುದೆಂದರೇನು? ಇದನ್ನರಿಯಬೇಕಾದರೆ ಎರೆಯ ಒಳಗನ್ನು ಅರಿಯಬೇಕು. ಎರೆಮಣ್ಣಿನಲ್ಲಿ ಜೇಡಿಯ ಅಂಶವು ಸಾಮಾನ್ಯವಾಗಿ ನೂರಕ್ಕೆ 40ರಿಂದ 60ರಷ್ಟಿರುತ್ತದೆ. ಕಣಗಳು ಅತಿ ಸೂಕ್ಷ್ಮವಾದುದರಿಂದ ಅವುಗಳ ನಡುವಣ ಸಂದುಗಳೂ ಅತಿ ಕಿರಿದು. ಮರಳು ನೆಲವು ಗಂಟೆಗೆ 30 ಮಿಲಿಮೀಟರಿಗಿಂತ ಹೆಚ್ಚು ನೀರನ್ನು ಹೀರಿಕೊಂಡರೆ, ನೆನೆದ ಜೇಡಿನೆಲವು 1ರಿಂದ 5 ಮಿಲಿಮೀಟರಿನಷ್ಟನ್ನು ಮಾತ್ರ ಹೀರುತ್ತದೆ. ಆದರೆ ಒಳಗೆ ಸೇರಿದ ನೀರನ್ನು ಅದು ಸುಲಭವಾಗಿ ಬಿಡುವುದಿಲ್ಲ. ಒಂದು ಮೀಟರ್ ಆಳದ ಮರಳು ಮಣ್ಣು ಬೆಳೆಗೆ ಒದಗಿಸಬಲ್ಲ ನೀರು ಸುಮಾರು 60 ಮಿಲಿಮೀಟರು. ಗೋಡುಮಣ್ಣು ಸುಮಾರು 140. ಜೇಡಿಮಣ್ಣು ಸುಮಾರು 200. ಮಳೆಯ ಬೇಸಾಯದಲ್ಲಿ ಎರೆಯ ಈ ಜಿಪುಣತನವೇ ರೈತನ ಭಾಗ್ಯ. ಹಿಂಗಾರಿನ ಜೋಳ ಬದುಕುವುದು ಈ ಕೂಡಿಟ್ಟ ನೀರಿನಿಂದಲೇ.

ಕಾಲುವೆಯ ನೀರು ಮಿತಿಮೀರಿದಾಗ ಅದೇ ಭಾಗ್ಯವು ದೌರ್ಭಾಗ್ಯವಾಗುತ್ತದೆ. ಎರೆಯು ನೆನೆದಾಗ ಉಬ್ಬುವ ಮಣ್ಣು; ಬಿರುಕುಗಳು ಮುಚ್ಚಿಕೊಂಡ ಮೇಲೆ ನೀರು ಕೆಳಗೂ ಇಳಿಯದು, ಪಕ್ಕಕ್ಕೂ ಬಸಿಯದು. ಸಂದುಗಳಲ್ಲಿ ಗಾಳಿಗೆ ಎಡೆಯಿಲ್ಲದಂತಾಗಿ ಬೇರು ಉಸಿರು ಕಟ್ಟಿ ಕೊಳೆಯುತ್ತದೆ. ವರ್ಷದಿಂದ ವರ್ಷಕ್ಕೆ ನೆಲದೊಳಗಿನ ಜಲಮಟ್ಟ ಮೇಲೇರುತ್ತದೆ. ಅದು ಮೇಲ್ಮೈಗೆ ಒಂದೆರಡು ಮೀಟರಿನಷ್ಟು ಸಮೀಪಿಸಿತೆಂದರೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಸೂಕ್ಷ್ಮವಾದ ಸಂದುಗಳ ಮೂಲಕ ನೀರು ತಾನಾಗಿಯೇ ಮೇಲಕ್ಕೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಹೋಗುತ್ತದೆ. ಅದರಲ್ಲಿ ಕರಗಿದ್ದ ಉಪ್ಪು ಮೇಲೆ ಉಳಿಯುತ್ತದೆ. ಉಪ್ಪು ಹೆಚ್ಚಿದಂತೆ ಬೇರಿಗೆ ನೀರನ್ನು ಸೆಳೆದುಕೊಳ್ಳುವ ಶಕ್ತಿ ಕುಂದುತ್ತದೆ. ನೀರಿನ ನಡುವೆಯೇ ನಿಂತು ಪೈರು ಬಾಯಾರಿ ಸಾಯುತ್ತದೆ. ಇಂಥ ನೆಲವನ್ನೇ ರೈತರು ಸವಳು, ಜವಳು ಎಂದು ಕರೆಯುತ್ತಾರೆ. ಜವಳೆಂದರೆ ನೀರು ನಿಂತು ಕೆಟ್ಟುದು; ಸವಳೆಂದರೆ ಉಪ್ಪೇರಿ ಕೆಟ್ಟುದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪುಣೆಯ ಕಾಲುವೆಗಳ ಹೊಣೆ ವಿಶ್ವೇಶ್ವರಯ್ಯನವರ ಪಾಲಿಗೆ ಬಂದಾಗ ಅವರ ಮುಂದಿದ್ದ ಪರಿಸ್ಥಿತಿ ಇಂಥದು. ಅವರು ಮೊದಲು ಮಾಡಿದ ಕೆಲಸವೆಂದರೆ ನೀರನ್ನು ಸರದಿಯ ಮೇಲೆ ಬಿಡುವ ಕಟ್ಟುಪಾಡು. ದಿನವೂ ಹರಿಯುತ್ತಿದ್ದ ನೀರು ಗೊತ್ತಾದ ದಿನಗಳಲ್ಲಿ ಮಾತ್ರ ಬರುವಂತಾಯಿತು. ಕಬ್ಬು ಬೆಳೆಯುವವರು ಕೆರಳಿದರು; ಪತ್ರಿಕೆಗಳಲ್ಲಿಯೂ ಟೀಕೆಗಳು ಬಂದವು. ಕಣ್ಣೆದುರಿಗೆ ತುಂಬಿ ಹರಿಯುವ ಕಾಲುವೆಯಿದ್ದು ಹೊಲಕ್ಕೆ ನೀರಿಲ್ಲವೆಂದರೆ ಯಾವ ರೈತನು ತಾನೇ ಸುಮ್ಮನಿದ್ದಾನು? ಅವನ ಸಾಲ, ಅವನ ಬೆಲ್ಲದ ವ್ಯಾಪಾರ, ಅವನ ಮನೆಯ ಮದುವೆ ಮುಂಜಿಗಳೆಲ್ಲ ಆ ಕಬ್ಬನ್ನೇ ನೆಚ್ಚಿಕೊಂಡಿದ್ದವು. ವಿಶ್ವೇಶ್ವರಯ್ಯನವರು ಈ ಸಿಟ್ಟನ್ನು ಅಲ್ಲಗಳೆಯಲಿಲ್ಲ. ಅಧಿಕಾರದ ಬಲದಿಂದ ತುಳಿಯಲೂ ಹೋಗಲಿಲ್ಲ. ರೈತರೊಡನೆ ಮಾತನಾಡಿ, ಅವರ ಅಡಚಣೆಗಳನ್ನು ಅರಿತು, ಕಾಲುವೆಯಲ್ಲಿ ಎಷ್ಟು ನೀರಿದೆ, ಯಾವ ಬೆಳೆಗೆ ಎಷ್ಟು ಬೇಕು, ಎಷ್ಟು ವ್ಯರ್ಥವಾಗುತ್ತಿದೆ ಎಂಬ ಲೆಕ್ಕವನ್ನು ಮುಂದಿಟ್ಟುಕೊಂಡು ಹೊಸ ಯೋಜನೆಯೊಂದನ್ನು ರೂಪಿಸಿದರು. 1899ರ ಸುಮಾರಿಗೆ ಸಿದ್ಧವಾದ ಈ ಯೋಜನೆಯೇ ಬ್ಲಾಕ್ ಪದ್ಧತಿ ಎಂದು ಹೆಸರಾಯಿತು.

ಈ ಪದ್ಧತಿಯ ತಿರುಳು ಸರಳವಾದುದು. ಕಾಲುವೆಯ ಉದ್ದಕ್ಕೂ ಎಲ್ಲೆಂದರಲ್ಲಿ ಚೆದುರಿದ ಹೊಲಗಳಿಗೆ ನೀರು ಕೊಡುವುದನ್ನು ಬಿಟ್ಟು, ಪ್ರತಿಯೊಂದು ಊರಿನಲ್ಲಿಯೂ ನೀರಾವರಿಗೆ ಒಗ್ಗುವ, ಹೆಚ್ಚಿನ ನೀರು ಬಸಿದುಹೋಗಬಲ್ಲ ನೆಲವನ್ನು ಆರಿಸಿ ಒಂದೇ ಕಡೆ ಸೇರಿದ ತುಂಡುಗಳಾಗಿ ಗುರುತಿಸುವುದು. ಆ ತುಂಡಿಗೆ ಕೆಲವು ವರ್ಷಗಳ ಕಾಲ ನೀರು ದೊರೆಯುವುದೆಂದು ಸರಕಾರವೇ ಭರವಸೆ ಕೊಡುವುದು. ತುಂಡಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದೆಡೆ ಕಡಿಮೆ ನೀರಿನ ಹಂಗಾಮಿನ ಬೆಳೆ. ವರ್ಷ ವರ್ಷಕ್ಕೆ ಬೆಳೆಯ ಸ್ಥಳವನ್ನು ಬದಲಾಯಿಸುತ್ತ ಹೋಗುವುದು. ಇದರಿಂದ ಒಂದೇ ಹೊಲಕ್ಕೆ ಎಡೆಬಿಡದೆ ನೀರುಣ್ಣುವ ಪೀಡೆ ತಪ್ಪುತ್ತದೆ; ನೆನೆದ ಎರೆಗೆ ಒಣಗಿ ಉಸಿರಾಡಲು ಅವಕಾಶ ದೊರೆಯುತ್ತದೆ. ಉಳಿದ ನೀರು ಕೆಳತುದಿಯ ಊರುಗಳನ್ನು ಮುಟ್ಟುತ್ತದೆ. ಮೇಲಿನವನಿಗೆ ನೀರಿನ ಖಾತರಿ, ಕೆಳಗಿನವನಿಗೆ ನೀರಿನ ಪಾಲು, ಭೂಮಿಗೆ ವಿಶ್ರಾಂತಿ. ಈ ಮೂರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿದುದು ಈ ಯೋಜನೆಯ ಹೆಚ್ಚಳ. 1901ರಲ್ಲಿ ನೇಮಕವಾದ ಭಾರತ ನೀರಾವರಿ ಆಯೋಗದ ಗಮನವನ್ನೂ ಈ ಪದ್ಧತಿಯು ಸೆಳೆಯಿತು.

ಇದೇ ಕಾಲದಲ್ಲಿ ಅವರು ಪುಣೆಯ ಬಳಿಯ ಖಡಕ್ವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅಳವಡಿಸಿದರು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಡುವ ಈ ಬಾಗಿಲುಗಳಿಂದ ಅವರ ಕೀರ್ತಿ ದೂರದೂರಕ್ಕೆ ಹಬ್ಬಿತು. ಜನರು ಇಂದಿಗೂ ನೆನೆಯುವುದು ಆ ಬಾಗಿಲುಗಳನ್ನು. ಬ್ಲಾಕ್ ಪದ್ಧತಿಯನ್ನು ನೆನೆಯುವವರು ಕಡಿಮೆ. ಕಣ್ಣಿಗೆ ಕಾಣುವ ಕಬ್ಬಿಣದ ಬಾಗಿಲಿಗಿಂತ ಕಣ್ಣಿಗೆ ಕಾಣದ ಕಟ್ಟುಪಾಡನ್ನು ನೆಲೆಗೊಳಿಸುವುದು ಕಷ್ಟತರವಾದ ಕೆಲಸ. ಬಾಗಿಲು ನೀರಿನ ಒತ್ತಡಕ್ಕೆ ಮಣಿಯುತ್ತದೆ. ಮನುಷ್ಯನ ಆಸೆ ಅಷ್ಟು ಬೇಗನೆ ಮಣಿಯುವುದಿಲ್ಲ.

ಈ ಪದ್ಧತಿಯಿಂದ ಎಲ್ಲ ಕೇಡೂ ನೀಗಿತೆಂದು ಹೇಳಿದರೆ ತಪ್ಪಾದೀತು. ನೀರಾ ಕಣಿವೆಯಲ್ಲಿ ಸವಳು ಹರಡುವುದು ಪೂರ್ತಿಯಾಗಿ ನಿಲ್ಲಲಿಲ್ಲ. ಪುಣೆಯ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ರಸಾಯನ ವಿಜ್ಞಾನಿ ಹೆರಾಲ್ಡ್ ಮ್ಯಾನ್ ಅವರು ತಮ್ಹಾಣೆಯವರೊಡನೆ ಆ ಕಣಿವೆಯ ಉಪ್ಪುನೆಲಗಳನ್ನು ಪರೀಕ್ಷಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. 1930ರ ದಶಕದಲ್ಲಿ ಪಾಡೇಗಾಂವದ ಕಬ್ಬು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ದಖನ್ ಕಾಲುವೆಗಳ ಮಣ್ಣನ್ನು ಅಗೆದು, ಪದರ ಪದರವಾಗಿ ಪರೀಕ್ಷಿಸಿ, ವರ್ಗೀಕರಿಸಿದರು. ನೀರಿನ ಹಂಚಿಕೆಯಷ್ಟೇ ಸಾಲದು. ಬಸಿಗಾಲುವೆಯೂ ಬೇಕು, ಮಣ್ಣಿನ ಪರೀಕ್ಷೆಯೂ ಬೇಕು ಎಂಬುದು ಹೀಗೆ ಹಂತಹಂತವಾಗಿ ಸ್ಪಷ್ಟವಾಯಿತು. ವಿಶ್ವೇಶ್ವರಯ್ಯನವರು ಮಣ್ಣಿನ ವಿಜ್ಞಾನಿಯಾಗಿರಲಿಲ್ಲ. ಆದರೆ ವಿಜ್ಞಾನಿಗಳು ನೆಲದೊಳಗಿನ ಕಾರಣಗಳನ್ನು ವಿವರಿಸುವ ಮೊದಲೇ, ಹೆಚ್ಚು ನೀರು ಒಳ್ಳೆಯದೆಂಬ ನಂಬಿಕೆ ಸುಳ್ಳೆಂಬುದನ್ನು ಕಂಡು, ಆ ಅರಿವನ್ನು ಕಾಲುವೆಯ ಕಟ್ಟಳೆಯಾಗಿ ಮಾರ್ಪಡಿಸಿದವರಲ್ಲಿ ಅವರು ಅಗ್ರಗಣ್ಯರು.

1908ರಲ್ಲಿ ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಸೇವೆಯಿಂದ ಸ್ವಇಚ್ಛೆಯಿಂದ ನಿವೃತ್ತರಾದರು. ಮೂಸಿ ನದಿಯ ಮಹಾಪೂರದಿಂದ ತತ್ತರಿಸಿದ್ದ ಹೈದರಾಬಾದು ನಗರದ ರಕ್ಷಣೆಗೆ ಯೋಜನೆ ಸಿದ್ಧಪಡಿಸಿ, 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾದರು, 1912ರಲ್ಲಿ ದಿವಾನರಾದರು. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಡ್ಡಲಾಗಿ ಆರಂಭವಾದ ಕೃಷ್ಣರಾಜಸಾಗರದ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಅಣೆಕಟ್ಟಿನಷ್ಟೇ ಮುಖ್ಯವಾದುದು ಅದರ ಕೆಳಗಿನ ಕಾಲುವೆಯ ವ್ಯವಸ್ಥೆ. ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟು, ಅನಂತರ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಆ ಕಾಲುವೆ ಹುಳಿಕೆರೆಯ ಸುರಂಗವನ್ನು ಹಾದು ಮಂಡ್ಯದ ಬಯಲಿಗೆ ನೀರನ್ನೊಯ್ದಿತು. ಅಲ್ಲಿಯ ನೆಲ ಬಹುಮಟ್ಟಿಗೆ ಕೆಂಪು ಮಣ್ಣು. ಪುಣೆಯ ಎರೆಯಂತೆ ನೀರನ್ನು ಕಟ್ಟಿಹಾಕುವಂಥದಲ್ಲ. ಆದರೂ ಬತ್ತ, ಕಬ್ಬು, ಅರೆ ಖುಷ್ಕಿ ಬೆಳೆಗಳನ್ನು ಸರದಿಯ ಮೇಲೆ ಬೆಳೆಯುವ ಬ್ಲಾಕ್ ಪದ್ಧತಿಯನ್ನೇ ಅಲ್ಲಿಯೂ ಅನುಸರಿಸಲಾಯಿತು. ಅಲ್ಲಿಯ ರೈತರೂ ಮೊದಮೊದಲು ಈ ಕಟ್ಟುಪಾಡನ್ನು ಸಂತೋಷದಿಂದ ಸ್ವಾಗತಿಸಲಿಲ್ಲ.

ನೀರಿನ ಜೊತೆಗೆ ತಿಳಿವಳಿಕೆಯೂ ಹರಿಯಬೇಕೆಂಬುದು ವಿಶ್ವೇಶ್ವರಯ್ಯನವರ ನಿಲುವು. ಅವರು ದಿವಾನರಾಗಿದ್ದಾಗ, 1913ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿಶಾಲೆಯು ಆರಂಭವಾಯಿತು. ಅದೇ ಮುಂದೆ ಕಾಲೇಜಾಗಿ ಬೆಳೆದು, ಕೃಷಿ ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಹಾದಿಮಾಡಿಕೊಟ್ಟಿತು. 1955ರಲ್ಲಿ ಭಾರತ ಸರಕಾರವು ಅವರಿಗೆ ಭಾರತರತ್ನ ಪ್ರಶಸ್ತಿಯನ್ನಿತ್ತು ಗೌರವಿಸಿತು. 1960ರಲ್ಲಿ ಅವರು ಬದುಕಿರುವಾಗಲೇ ನಾಡು ಅವರ ಶತಮಾನೋತ್ಸವವನ್ನು ಆಚರಿಸಿತು. 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಆ ದೀರ್ಘವಾದ, ಶಿಸ್ತಿನ ಬಾಳು ಮುಗಿಯಿತು.

ಅವರು ತೀರಿಕೊಂಡು ಹತ್ತು ವರ್ಷಗಳು ಕಳೆಯುವ ಹೊತ್ತಿಗೆ ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ನವಲಗುಂದ, ನರಗುಂದಗಳ ಎರೆಗೆ ಕಾಲುವೆಯ ನೀರು ಬರತೊಡಗಿತು. ನೀರಾ ಕಣಿವೆಯ ಹಳೆಯ ಪಾಠ ಇಲ್ಲಿ ಮತ್ತೆ ಎದುರಾಯಿತು. ಕೆಲವು ಹೊಲಗಳಿಗೆ ನೀರೇ ತಲುಪಲಿಲ್ಲ. ಕೆಲವು ಹೊಲಗಳು ನೀರುಂಡು ಜವಳಾದವು. ಹಾಗಿದ್ದೂ ಅಭಿವೃದ್ಧಿ ಕರವನ್ನು ತೆರಬೇಕಾಗಿ ಬಂದಾಗ, 1980ರ ಜುಲೈಯಲ್ಲಿ ರೈತರು ಬಂಡಾಯವೆದ್ದರು. ಅದರಲ್ಲಿ ಜೀವಹಾನಿಯೂ ಆಯಿತು. ನೀರಿನ ಹಂಚಿಕೆ ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ, ಜನರ ಅನ್ನದ ಪ್ರಶ್ನೆ ಎಂಬುದನ್ನು ಆ ದಿನಗಳು ನಾಡಿಗೆ ತಿಳಿಸಿಕೊಟ್ಟವು. ಆ ದಶಕದಲ್ಲಿಯೇ ಧಾರವಾಡದಲ್ಲಿ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯು ಸ್ಥಾಪನೆಗೊಂಡಿತು. 1947ರಿಂದ ನಡೆದುಬಂದಿದ್ದ ಧಾರವಾಡದ ಕೃಷಿ ಕಾಲೇಜು 1986ರಲ್ಲಿ ಕೃಷಿ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಅಂಗವಾಯಿತು. ನೆಲದೊಳಗೆ ಬಸಿಗೊಳವೆಗಳನ್ನು ಹೂಳುವುದು, ಸವಳಿಗೆ ತಕ್ಕ ಬೆಳೆಯನ್ನು ಆರಿಸುವುದು, ಮಣ್ಣನ್ನು ಪರೀಕ್ಷಿಸಿ ನೀರುಣಿಸುವುದು ಇವೆಲ್ಲ ಇಂಥ ಸಂಸ್ಥೆಗಳ ಅಧ್ಯಯನದ ವಿಷಯಗಳಾದವು.

ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ನೆನೆಸಿ ಬೆರಳುಗಳ ನಡುವೆ ಉಜ್ಜಿ ನೋಡಿದರೆ ಸಾಕು: ಗರಗರ ಎಂದರೆ ಮರಳು, ಹಿಟ್ಟಿನಂತೆ ನುಣ್ಣಗಿದ್ದರೆ ರೇವೆ, ಅಂಟಿಕೊಂಡು ಉದ್ದನೆಯ ಎಳೆಯಾಗಿ ಹೊಸೆದರೆ ಜೇಡಿ. ಇಷ್ಟು ಸಣ್ಣ ಪರೀಕ್ಷೆಯು ಹೇಳುವ ಸಂಗತಿಯನ್ನು ಮರೆತ ಕಾರಣ ದೊಡ್ಡ ದೊಡ್ಡ ಕಾಲುವೆಗಳ ಕೆಳಗೆ ಎಷ್ಟೋ ಫಲವತ್ತಾದ ಹೊಲಗಳು ಬಿಳಿಯ ಉಪ್ಪಿನ ಬಯಲುಗಳಾಗಿವೆ. ನೀರಿಲ್ಲದ ನಾಡಿಗೆ ನೀರನ್ನು ತಂದ ಮಹನೀಯರೆಂದು ವಿಶ್ವೇಶ್ವರಯ್ಯನವರನ್ನು ಕನ್ನಡಿಗರು ಪೂಜಿಸುತ್ತಾರೆ. ಅದು ಯೋಗ್ಯವೇ ಆಗಿದೆ. ನೀರು ಕೈಗೆ ಬಂದಾಗಲೂ ಅದನ್ನು ಮಿತವಾಗಿ ಬಳಸಬೇಕು, ನೆರೆಯವನ ಪಾಲನ್ನು ಬಿಟ್ಟುಕೊಡಬೇಕು, ಮಣ್ಣು ತಾಳುವಷ್ಟನ್ನೇ ಅದಕ್ಕೆ ಉಣಿಸಬೇಕು ಎಂಬ ಅಪ್ರಿಯವಾದ ಸತ್ಯವನ್ನು ಸಿಟ್ಟಾದ ಜನರೆದುರಿಗೆ ಹೇಳಿ, ಅದನ್ನು ಆಚರಣೆಗೆ ತಂದ ಅವರ ಧೈರ್ಯವೂ ಅಷ್ಟೇ ಪೂಜ್ಯವಾದುದು. ಹೊಲಕ್ಕೆ ಮಡೆ ತಿರುಗಿಸುವ ಪ್ರತಿಯೊಬ್ಬ ರೈತನ ಕೈಯಲ್ಲಿಯೂ ಆ ವಿವೇಕ ನೆಲೆಸಿದರೆ, ಎರೆಯೂ ಮಸಾರಿಯೂ ಮುಂದಿನ ತಲೆಮಾರಿಗೆ ಅನ್ನವನ್ನು ಕೊಡುತ್ತ ಬಾಳುತ್ತವೆ.